ಒಂದೇ ಬಾಗಿಲು, ಎರಡು ವಿಳಾಸ

1997ರಲ್ಲಿ ಹೊನ್ನಾಳಿ ಶಿವಮೊಗ್ಗ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು. ಊರು ಕದಲಲಿಲ್ಲ, ತುಂಗಭದ್ರೆಯೂ ದಾರಿ ಬದಲಿಸಲಿಲ್ಲ, ವಿಳಾಸವಷ್ಟೇ ಬದಲಾಯಿತು. ರೌಟರಿನ ಸೆಕೆಂಡರಿ ಐಪಿಯೂ ಇಂಥದೇ ಗಿರಾಕಿ. ಪೋರ್ಟು ಒಂದು, ಕೇಬಲ್ಲು ಒಂದು, ವಿಳಾಸ ಮಾತ್ರ ಎರಡು.

192.168.1ರ ಸಾಲಿನ 254 ಜಾಗವೂ ತುಂಬಿತೋ, ಅದೇ ಪೋರ್ಟಿಗೆ 192.168.2.1 ಅಂತ ಇನ್ನೊಂದು ಕೊಟ್ಟರಾಯಿತು. ತಮಾಷೆ ಇರುವುದು ಆಮೇಲೆ. ಗೊಬ್ಬರದಂಗಡಿಯ ಕಂಪ್ಯೂಟರು ಹಳೇ ಸಾಲು, ಪ್ರಿಂಟರು ಹೊಸ ಸಾಲು. ನಡುವೆ ಗೇಣು ಜಾಗ. ಆದರೂ ಬಿಲ್ಲು ಅಟ್ಟದ ಮೇಲಿನ ರೌಟರಿಗೆ ಹೋಗಿ ಸಲಾಮು ಹೊಡೆದೇ ಇಳಿದು ಬರಬೇಕು! ಸಿಸ್ಕೋ ರೌಟರಿನಲ್ಲಂತೂ ಎರಡನೆಯದನ್ನು ಅಳಿಸದೆ ಮೊದಲನೆಯದು ಜಪ್ಪಯ್ಯ ಅಂದರೂ ಅಳಿಯದು.

ಇದೆಲ್ಲ ತಾತ್ಕಾಲಿಕ, ಸಾಲಿಗೊಂದು ಪ್ರತ್ಯೇಕ ಜಾಲ, ಅಂದರೆ ವಿಎಲ್ಯಾನ್ ಮಾಡಿಸಿ ಅನ್ನಿ. ಅಂಗಡಿಯವರದು ಒಂದೇ ಉತ್ತರ: “ನಡೀತೈತಲ್ರೀ, ಬಿಡ್ರಿ!”