ಎಲ್ಲಾ ಹೊರಗೆ ಕೊಟ್ಟಿದೀನಿ

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ನಿಂತು ‘ಓನರ್ರೇ’ ಎಂದು ಕೂಗಿದರೆ ಹತ್ತಾರು ತಲೆ ತಿರುಗುತ್ತವೆ. ನಾನು ಹೇಳುವ ಓನರ್ರನ್ನು ಗುರುತಿಸುವುದು ಕಷ್ಟವಲ್ಲ. ಅವರ ಶೆಡ್ಡಿನಲ್ಲಿ ಒಂದು ಮೇಜು, ಒಂದು ಚಲನ್ ಪುಸ್ತಕ, ಗಣಪತಿ ಫೋಟೊ, ಇಷ್ಟೇ. ಹೊರಗೆ ಬೋರ್ಡು: ‘ಅಡಿಕೆ ಸುಲಿಯುವ ಯಂತ್ರಗಳ ತಯಾರಕರು’. ತಯಾರಿ ಎಲ್ಲಿ ಸಾರ್ ಎಂದರೆ, ‘ಎಲ್ಲಾ ಹೊರಗೆ ಕೊಟ್ಟಿದೀನಿ. ನಮ್ದೇನಿದ್ರೂ ಬರೀ ತಲೆ’ ಎಂದು ಹಣೆ ಮುಟ್ಟಿ ತೋರಿಸುತ್ತಾರೆ.

ಪುಲ್ಲಿಯ ಎರಕ ಮಾಚೇನಹಳ್ಳಿಯ ಫೌಂಡ್ರಿಯಲ್ಲಿ, ಅದಕ್ಕೆ ಬೋರು ಹೊಡೆಯುವುದು ಪಕ್ಕದ ಶೆಡ್ಡಿನ ಲೇತಿನಲ್ಲಿ, ಫ್ರೇಮಿನ ವೆಲ್ಡಿಂಗ್ ಭದ್ರಾವತಿಯಲ್ಲಿ, ಮೋಟಾರು ಕೊಯಮತ್ತೂರಿನದು, ಲೆಕ್ಕ ದುರ್ಗಿಗುಡಿಯ ಆಡಿಟರ್ ಹತ್ತಿರ. ತುಂಗೆ ಭದ್ರೆ ಕೂಡ್ಲಿಯಲ್ಲಿ ಸೇರುವ ಹಾಗೆ ಇವೆಲ್ಲ ಓನರ್ರ ಓಮ್ನಿಯಲ್ಲಿ ಸೇರುತ್ತವೆ. ಆಯುಧಪೂಜೆಯ ದಿನ ಪೂಜೆಗೆ ಒಂದು ಸ್ಪ್ಯಾನರೂ ಸಿಗದೆ ಚಲನ್ ಪುಸ್ತಕಕ್ಕೇ ಅರಿಶಿನ ಕುಂಕುಮ ಏರಿಸುತ್ತಾರೆ.

ಇದು ಇವರ ಅಪ್ಪಾಜಿಗೆ ಸಹಿಸದು. ಅವರು ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಸರ್ವಿಸ್ ಮುಗಿಸಿದವರು. 1923ರಲ್ಲಿ ಕಬ್ಬಿಣ ಇಳಿಸಲು ಶುರುಮಾಡಿದ ಆ ಕಾರ್ಖಾನೆ ಹೊರಗಿನವರನ್ನು ನಂಬಿದ್ದೇ ಕಡಿಮೆ. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು, ಕಾಡಿನಿಂದ ಸೌದೆ ತರಲು ತನ್ನದೇ ಟ್ರಾಮು. ಸೌದೆ ಇದ್ದಿಲಾಗುವಾಗ ಏಳುವ ಹೊಗೆಯನ್ನೂ ಸುಮ್ಮನೆ ಬಿಡದೆ ಭಟ್ಟಿ ಇಳಿಸಿ ಸ್ಪಿರಿಟ್ ತೆಗೆಯುತ್ತಿತ್ತು. ಕ್ವಾರ್ಟರ್ಸು, ಆಸ್ಪತ್ರೆ, ಸ್ಕೂಲು ಎಲ್ಲವೂ ಕಾರ್ಖಾನೆಯದೇ. ಅಂಥ ಕಡೆ ಬೆವರು ಸುರಿಸಿದವರು ಮಗನನ್ನು ಕೇಳುತ್ತಾರೆ: ‘ಒಂದು ನಟ್ಟಾದ್ರೂ ನೀನು ತಿರುಗಿಸ್ತೀಯೇನೋ?’

‘ಎಲ್ಲಾ ಒಳಗೇ ಮಾಡ್ಕೊಂಡು ಕೂತ ನಿಮ್ಮ ಫ್ಯಾಕ್ಟ್ರಿ 1989ರಲ್ಲಿ ಕೇಂದ್ರದ ಸೈಲ್ ಕೈಗೆ ಹೋಯ್ತಲ್ಲ ಅಪ್ಪಾಜಿ?’

ಅಪ್ಪಾಜಿ ಪೇಪರ್ ಎತ್ತಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಮಗನ ಲೆಕ್ಕದಲ್ಲೂ ಹುರುಳಿದೆ. ಸುಲಿಯುವ ಮಷೀನಿಗೆ ಗಿರಾಕಿ ಬರುವುದು ಕೊಯ್ಲಿನ ಕೆಲವೇ ತಿಂಗಳು. ಸಾಲ ಮಾಡಿ ಲೇತು ತಂದು ಕೂರಿಸಿದರೆ ಉಳಿದ ತಿಂಗಳಲ್ಲಿ ಅದರ ಕಂತು ಕಟ್ಟುವವರು ಯಾರು?

ತೊಂದರೆ ಇರುವುದು ಬೇರೆ ಕಡೆ. ಓನರ್ರು ಹೊರಗೆ ಕೊಟ್ಟಿರುವುದು ಕೆಲಸವನ್ನು ಮಾತ್ರ, ನಂಬಿಕೆಯನ್ನಲ್ಲ. ಬೆಳಗಾದರೆ ವೆಲ್ಡರ್‌ಗೆ ಫೋನು: ‘ಎದ್ಯೇನಪ್ಪಾ?’ ಫೌಂಡ್ರಿಯಲ್ಲಿ ಮಣ್ಣಿನ ಅಚ್ಚಿನ ಎದುರು ಕುಕ್ಕರಗಾಲಲ್ಲಿ ಕೂತು ಮೋಲ್ಡರ್‌ಗೇ ಮೋಲ್ಡಿಂಗ್ ಪಾಠ. ಪೇಂಟ್ ಒಣಗಿತಾ ಎಂದು ಬೆರಳಿಟ್ಟು ನೋಡುವುದರಿಂದ ಇವರ ಪ್ರತಿ ಮಷೀನಿನ ಮೇಲೂ ತಯಾರಕರ ಹೆಬ್ಬೆಟ್ಟು ಖಾತ್ರಿ.

ಆಮೇಲೆ ಬ್ಲೋ ಹೋಲ್. ಹೊರಗಿನಿಂದ ನುಣ್ಣಗಿದ್ದ ಪುಲ್ಲಿಯನ್ನು ಲೇತಿಗೆ ಕಚ್ಚಿಸಿ ಎರಡು ಕಟ್ ತೆಗೆಯುವಷ್ಟರಲ್ಲಿ ಕಡಲೆಕಾಳು ಹಿಡಿಸುವಷ್ಟು ತೂತು. ಎರಕಕ್ಕೆ ಕಿಲೋ ಲೆಕ್ಕ, ಲೇತಿಗೆ ಪೀಸ್ ಲೆಕ್ಕ. ಫೌಂಡ್ರಿಯವರು ‘ಬೇರೆ ಪುಲ್ಲಿ ಕೊಡ್ತೀವಿ ಬಿಡಿ’ ಎಂದು ಕೈತೊಳೆದುಕೊಳ್ಳುತ್ತಾರೆ. ಲೇತಿನವ, ‘ತಿರುಗಿಸಿದ ನನ್ನ ಕೂಲಿ?’ ಎನ್ನುತ್ತಾನೆ. ಆ ಕೂಲಿ ಯಾರ ತಲೆಗೆ ಎಂದರೆ, ಆಗಲೇ ಮುಟ್ಟಿ ತೋರಿಸಿದ್ದರಲ್ಲ, ಅದಕ್ಕೇ. ಸಿಟ್ಟಿಗೆದ್ದ ಓನರ್ರು ಲೇತಿನ ಕೆಳಗೆ ಬಿದ್ದ ಕಬ್ಬಿಣದ ಪುಡಿಯನ್ನೂ ಗುಡಿಸಿ ಚೀಲಕ್ಕೆ ತುಂಬಿಸುತ್ತಾರೆ. ‘ತೂಕಕ್ಕೆ ದುಡ್ಡು ಕೊಟ್ಟೋನು ನಾನು, ಪುಡೀನೂ ನಂದೇ.’ ಜಾಬ್ ವರ್ಕಿಗೆ ಕಳಿಸಿದ ಸಾಮಾನು ಒಂದು ವರ್ಷದೊಳಗೆ ವಾಪಸ್ ಬರಬೇಕು ಎನ್ನುತ್ತದೆ ಜಿಎಸ್‌ಟಿ ಕಾನೂನು. ಇವರ ಕಾನೂನಿನಲ್ಲಿ ಸಂಜೆಯೊಳಗೆ.

ಸರ್ವಿಸನ್ನೂ ತೀರ್ಥಹಳ್ಳಿಯ ಒಬ್ಬ ಹುಡುಗನಿಗೆ ಕೊಟ್ಟಿದ್ದಾರೆ. ಹೋದ ಸುಗ್ಗಿಯಲ್ಲಿ ಆ ಕಡೆಯ ಹೆಗಡೆಯವರ ಫೋನು ಬಂತು: ಕೊಯ್ದ ಗೊನೆ ಅಂಗಳದಲ್ಲಿ ರಾಶಿ ಬಿದ್ದಿದೆ, ಮಷೀನು ಅಡಿಕೆ ಸುಲಿಯುವ ಬದಲು ಜಜ್ಜುತ್ತಿದೆ, ನಿಮ್ಮ ಹುಡುಗ ಫೋನೇ ಎತ್ತುತ್ತಿಲ್ಲ. ಓನರ್ರು ಲೇತಿನವನನ್ನು ಕೇಳಿದರು. ‘ಶಾಫ್ಟ್ ಸರಿಗಿದೆ, ಫ್ರೇಮ್ ಸೊಟ್ಟ ಇರ್ಬೇಕು.’ ವೆಲ್ಡರ್‌ನನ್ನು ಕೇಳಿದರು. ‘ಫ್ರೇಮ್ ನೆಟ್ಟಗಿದೆ ಸಾ, ಪುಲ್ಲಿ ನೋಡಿ.’ ಫೌಂಡ್ರಿ ಮೋಟಾರಿನತ್ತ ಬೆರಳು ತೋರಿಸಿತು. ಮೋಟಾರಿನವನು ತಮಿಳಿನಲ್ಲಿ ಏನೋ ಹೇಳಿದ. ಒಂದು ವಾರ ಹೀಗೇ ಕಳೆದ ಮೇಲೆ ಓನರ್ರು ಜೀವಮಾನದಲ್ಲಿ ಮೊದಲ ಸಲ ಒಂದು ಸ್ಪ್ಯಾನರ್ ಸೆಟ್ ಕೊಂಡು, ಅಪ್ಪಾಜಿಯನ್ನು ಓಮ್ನಿಯಲ್ಲಿ ಕೂರಿಸಿಕೊಂಡು, ಹೆಗಡೆಯವರಿಗೆ ಫೋನ್ ಮಾಡಿದರು.

‘ಬರೋದು ಬೇಡ ಮಾರಾಯ್ರೇ. ನಿಮ್ಮ ಸಹವಾಸ ಸಾಕಾಗಿ ತೋಟ ಚೇಣಿ ಕೊಟ್ಟುಬಿಟ್ಟೆ. ಕೊಯ್ಲು, ಸುಲಿಯೋದು, ಬೇಯ್ಸೋದು ಎಲ್ಲ ಇನ್ನು ಅವರದ್ದೇ.’

ಓನರ್ರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು.

‘ಯಾರಿಗ್ ಕೊಟ್ರಿ? ಅವರ ನಂಬರ್ ಹೇಳಿ, ಮಷೀನ್ ಬೇಕಾಗ್ಬಹುದು.’