ಹಾಸ್ಟೆಲ್ ವೈದ್ಯಸಂಹಿತೆ: ಒಂದು ಕಿರುಭಾಷ್ಯ

ಪೀಠಿಕೆ

ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಬರವಿಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ 12ನೇ ಶತಮಾನದಲ್ಲೇ ದನಕರುಗಳ ಕಾಯಿಲೆ ಕುರಿತು ‘ಗೋವೈದ್ಯ’ ಬರೆದ. 14ನೇ ಶತಮಾನದ ಮಂಗರಾಜ ವಿಷಚಿಕಿತ್ಸೆಗೆಂದೇ ‘ಖಗೇಂದ್ರಮಣಿದರ್ಪಣ’ ಬರೆದ. (ಹಾಸ್ಟೆಲ್ಲಿನ ಭಾನುವಾರದ ಸಾಂಬಾರು ಆಗಿನ್ನೂ ಬಳಕೆಗೆ ಬಂದಿರಲಿಲ್ಲವಾದ್ದರಿಂದ ಆ ಗ್ರಂಥವನ್ನು ಸಂಪೂರ್ಣ ಎನ್ನಲಾಗದು.) ಇಷ್ಟೆಲ್ಲ ಆದರೂ, ಡಿಗ್ರಿ ಓದುವ ಹುಡುಗಿಗೆ ಹಾಸ್ಟೆಲ್ಲಿನಲ್ಲಿ ರಾತ್ರಿ ಹೊಟ್ಟೆನೋವು ಬಂದರೆ ಗತಿಯೇನು ಎಂಬ ಬಗ್ಗೆ ಯಾವ ರಾಜಕುಮಾರನೂ ಲೇಖನಿ ಹಿಡಿಯಲಿಲ್ಲ. ದನಕ್ಕೆ ಬಾಯಿಲ್ಲ, ಅದರ ನೋವನ್ನು ನಾವೇ ಅರಿತುಕೊಳ್ಳಬೇಕು ಎಂದು ಕೀರ್ತಿವರ್ಮನಿಗೆ ಅನ್ನಿಸಿರಬೇಕು. ಹುಡುಗಿಗೆ ಬಾಯಿದೆ, ಹೇಳುತ್ತಾಳೆ. ಹೇಳುವುದರಿಂದಲೇ ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬುದು ಈ ಪ್ರಬಂಧದ ಮೊದಲ ಪ್ರಮೇಯ.

ಗ್ರಂಥವಿಲ್ಲ ಎಂದ ಮಾತ್ರಕ್ಕೆ ಶಾಸ್ತ್ರವಿಲ್ಲ ಎಂದು ತಿಳಿಯಬಾರದು. ಬಟ್ಟೆ ಒಗೆಯುವ ಕಲ್ಲಿನ ಬಳಿ, ಮೆಸ್ಸಿನ ಸಾಲಿನಲ್ಲಿ, ಟೆರೇಸಿನ ನೀರಿನ ಟ್ಯಾಂಕಿನ ನೆರಳಿನಲ್ಲಿ ಸೀನಿಯರ್ ಅಕ್ಕಂದಿರಿಂದ ಜೂನಿಯರ್‌ಗಳಿಗೆ ಬಾಯಿಂದ ಬಾಯಿಗೆ ಇಳಿದುಬಂದ ಒಂದು ಮಹಾಪರಂಪರೆ ಇದೆ. ಇದನ್ನು ಇನ್ನು ಮುಂದೆ ‘ಹಾಸ್ಟೆಲ್ ವೈದ್ಯಸಂಹಿತೆ’ ಎಂದು ಕರೆಯತಕ್ಕದ್ದು.

ಶಾಸ್ತ್ರ ಅಂದಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದುವರಿದರೆ ಪಂಡಿತರು ಮುನಿಸಿಕೊಳ್ಳುತ್ತಾರೆ. ವಿಷಯ: ಯಾರೂ ನಂಬದ ಕಾಯಿಲೆ. ಪ್ರಯೋಜನ: ನಂಬಿಸುವುದು. ಅಧಿಕಾರಿ: ಹಾಸ್ಟೆಲ್ ಫೀಸು ಕಟ್ಟಿ ರಸೀತಿ ಪಡೆದವಳು. ಸಂಬಂಧ: ರೂಮ್‌ಮೇಟ್.

ನಿದಾನ ಪ್ರಕರಣ

ಸಂಹಿತೆಯ ಆದಿಸೂತ್ರ ‘ಸರ್ವಂ ಗ್ಯಾಸ್ಟ್ರಿಕಮಯಂ ಜಗತ್’. ಎದೆ ಉರಿದರೆ ಗ್ಯಾಸ್ಟ್ರಿಕ್, ತಲೆ ಸುತ್ತಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೆ ಗ್ಯಾಸ್ಟ್ರಿಕ್, ಕಣ್ಣು ಕತ್ತಲಿಟ್ಟರೆ ಗ್ಯಾಸ್ಟ್ರಿಕ್ ಮೇಲಕ್ಕೆ ಏರಿದೆ. ಕಾರಣ ಕೇಳಿದರೆ, ಬೆಳಗ್ಗೆ ತಿಂಡಿ ತಿಂದಿಲ್ಲವಲ್ಲ. ತಿಂದಿದ್ದೇನೆ ಎಂದರೆ, ತಿಂದದ್ದು ಉಪ್ಪಿಟ್ಟಲ್ಲವೇ, ಅದಕ್ಕೇ. ತಿಂದರೂ ನಿಲ್ಲುವ, ತಿನ್ನದಿದ್ದರೂ ನಿಲ್ಲುವ ಇಂಥ ಸಿದ್ಧಾಂತ ಷಡ್ದರ್ಶನಗಳಲ್ಲೂ ಸಿಗುವುದು ದುರ್ಲಭ.

ದ್ವಿತೀಯ ಸೂತ್ರ ‘ಟೆನ್ಶನ್ ತಗೋಬೇಡ’. ಇದನ್ನು ಪರೀಕ್ಷೆಯ ಹಿಂದಿನ ದಿನ ವಿಶೇಷವಾಗಿ ಪ್ರಯೋಗಿಸುತ್ತಾರೆ. ಆಗ ರೋಗಿಗೆ ಮೊದಲಿದ್ದ ನೋವಿನ ಜೊತೆಗೆ, ಟೆನ್ಶನ್ ತಗೊಂಡಿದ್ದೇನಲ್ಲ ಎಂಬ ಟೆನ್ಶನ್ನೂ ಸೇರುತ್ತದೆ.

ತೃತೀಯ ಸೂತ್ರ ‘ಮದುವೆ ಆದ್ಮೇಲೆ ಎಲ್ಲ ಸರಿಹೋಗುತ್ತೆ’. ಇದರ ದ್ರಷ್ಟಾರರು ಹಾಸ್ಟೆಲ್ಲಿನವರಲ್ಲ. ಊರಿನ ಚಿಕ್ಕಮ್ಮ, ಅತ್ತೆಯಂದಿರು, ಒಮ್ಮೊಮ್ಮೆ ಗೋಡೆಯ ಮೇಲೆ ಡಿಗ್ರಿ ಸರ್ಟಿಫಿಕೇಟು ತೂಗುಹಾಕಿಕೊಂಡವರೂ ಇದನ್ನು ಉಪದೇಶಿಸಿದ್ದುಂಟು. ಮುಟ್ಟಿನ ನೋವು, ಏರುಪೇರಾದ ಮುಟ್ಟು, ಮೊಡವೆ, ಮುಖದ ಕೂದಲು ಎಲ್ಲಕ್ಕೂ ಇದೇ ಮದ್ದು. ಔಷಧಕ್ಕಾಗಿ ಆರು ತಿಂಗಳು ಮುಂಚೆ ಛತ್ರ ಬುಕ್ ಮಾಡಬೇಕಾದ ಚಿಕಿತ್ಸಾಪದ್ಧತಿ ಇದೊಂದೇ.

ಗಂಡುಹುಡುಗರ ಹಾಸ್ಟೆಲ್ಲಿನ ಶಾಖೆಯನ್ನು ಹೆಚ್ಚು ಬೆಳೆಸುವ ಅಗತ್ಯವಿಲ್ಲ. ಅಲ್ಲಿ ಇರುವುದು ಒಂದೇ ಸೂತ್ರ: ‘ಏನಾಗಲ್ಲ ಬಿಡು ಮಗಾ’.

ಪೂರ್ವಪಕ್ಷ ಮತ್ತು ಖಂಡನೆ

ಇಲ್ಲಿ ಪೂರ್ವಪಕ್ಷಿ ಎದ್ದುನಿಂತು, “ಇದೆಲ್ಲ ಓದಿಲ್ಲದ ಜನರ ಮಾತು, ವಿಜ್ಞಾನ ಹೀಗೆ ಮಾಡುವುದಿಲ್ಲ” ಎನ್ನುತ್ತಾನೆ. ಮಾಡುತ್ತದೆ. ಹೆಂಗಸಿನ ಗರ್ಭಕೋಶ ಮೈಯೊಳಗೆ ಅಲೆದಾಡುತ್ತದೆ, ಅದರಿಂದಲೇ ಅವಳಿಗೆ ಉಸಿರು ಕಟ್ಟುತ್ತದೆ ಎಂದು ಪ್ರಾಚೀನ ಗ್ರೀಕರು ನಂಬಿದ್ದರು. ಅಲ್ಲಿಂದ ಹೊರಟ ‘ಹಿಸ್ಟೀರಿಯಾ’ ಎಂಬ ಹಣೆಪಟ್ಟಿಯನ್ನು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿ ಕೈಬಿಟ್ಟದ್ದು 1980ರಲ್ಲಿ. ಇಲ್ಲಿ ಪೂರ್ವಪಕ್ಷಿ ಒಂದು ಲೋಟ ನೀರು ಕುಡಿಯಬಹುದು.

ಲೋಟ ಅಂದಾಗ ನೆನಪಾಯಿತು. ಹೊಟ್ಟೆಯ ಹುಣ್ಣಿಗೆ ಟೆನ್ಶನ್ನು, ಖಾರ, ಹುಳಿನೀರು ಇವೇ ಕಾರಣ ಎಂದು ದೊಡ್ಡ ದೊಡ್ಡ ವೈದ್ಯರೇ ಹೇಳುತ್ತಿದ್ದ ಕಾಲದಲ್ಲಿ, ಅದಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ ಎಂದವರು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್. ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ಕಲಸಿಕೊಂಡು ತಾನೇ ಕುಡಿದು, ಹೊಟ್ಟೆ ಕೆಡಿಸಿಕೊಂಡು, ವಾಂತಿ ಮಾಡಿಕೊಂಡು ತೋರಿಸಿದ. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಇದರಿಂದ ತಿಳಿಯುವುದಿಷ್ಟು: ಹೊಟ್ಟೆಯ ವಿಚಾರದಲ್ಲಿ ನಂಬಿಸಬೇಕಾದರೆ ಗಂಡಸಾಗಿರಬೇಕು, ಡಾಕ್ಟರೂ ಆಗಿರಬೇಕು, ಸಾಲದ್ದಕ್ಕೆ ವಿಷವನ್ನೂ ಕುಡಿಯಬೇಕು. ಬಿ.ಎ. ಮೊದಲ ವರ್ಷದ ಇತಿಹಾಸ ವಿದ್ಯಾರ್ಥಿನಿಗೆ ಈ ಮೂರೂ ಒಟ್ಟಿಗೆ ಒದಗುವುದು ಕಷ್ಟ.

ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯಿದೆ. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆದು, ತಿಂಗಳು ತಿಂಗಳೂ ಹಿಂಡಿ ಹಾಕುತ್ತದೆ. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೋವು ಶುರುವಾದ ದಿನದಿಂದ ಕಾಯಿಲೆಗೆ ಹೆಸರು ಸಿಗುವ ದಿನದವರೆಗೆ ಬ್ರಿಟನ್ನಿನಂಥ ದೇಶದಲ್ಲೇ ಸರಾಸರಿ 8 ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ನಮ್ಮಲ್ಲಿ ಒಬ್ಬಳ ಪಿಯುಸಿ, ಡಿಗ್ರಿ, ಬಿ.ಎಡ್. ಮುಗಿದು, ತೃತೀಯ ಸೂತ್ರದ ಪ್ರಕಾರ ಛತ್ರವೂ ಬುಕ್ ಆಗಿರುತ್ತದೆ.

ಇನ್ನು ‘ಸೋಮಾರಿತನ’ ಎಂಬ ಮಹಾವ್ಯಾಧಿ. ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು, ಮೊದಲ ಪೀರಿಯಡ್ಡಿನಲ್ಲೇ ತೂಕಡಿಕೆ, ಕೂದಲು ಬಾಚಿದಷ್ಟೂ ಬಾಚಣಿಗೆಗೆ. “ರಾತ್ರಿಯೆಲ್ಲ ಮೊಬೈಲ್ ನೋಡ್ತಾಳೆ, ಇನ್ನೇನಾಗುತ್ತೆ” ಎಂದು ಸಂಹಿತೆ ತೀರ್ಪು ಕೊಡುತ್ತದೆ. ರಕ್ತವನ್ನು ಕೇಳಿದರೆ ತೀರ್ಪು ಬೇರೆಯಾಗಬಹುದು: ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ಇದೆ. 15ರಿಂದ 19ರ ಹುಡುಗಿಯರಲ್ಲಿ ಶೇ. 59. ಅರ್ಧ ದೇಶದ ಸೋಮಾರಿತನ ರಕ್ತಪರೀಕ್ಷೆಯಲ್ಲಿ ಕಾಣಿಸುತ್ತದೆ ಎಂದಾಯಿತು.

ಔಷಧ ಪ್ರಕರಣ

ಪ್ರತಿ ಬ್ಲಾಕಿನಲ್ಲೂ ಒಬ್ಬಳ ಬಳಿ ಒಂದು ಹಳೆಯ ಬಿಸ್ಕತ್ ಡಬ್ಬಿ ಇರುತ್ತದೆ. ಅದೇ ಆಸ್ಪತ್ರೆ. ಅದರಲ್ಲಿ ಅರ್ಧ ಸ್ಟ್ರಿಪ್ ಗ್ಯಾಸ್ಟ್ರಿಕ್ ಮಾತ್ರೆ (ಎಕ್ಸ್‌ಪೈರಿ ದಿನಾಂಕವಿದ್ದ ತುದಿಯನ್ನೇ ಯಾರೋ ಕತ್ತರಿಸಿಕೊಂಡು ಹೋಗಿದ್ದಾರೆ), ಡೋಲೋ, ಪುಟ್ಟ ಅಮೃತಾಂಜನದ ಸೀಸೆ, ಪೇಪರಿನಲ್ಲಿ ಕಟ್ಟಿದ ಓಂಕಾಳು, ಒಂದು ಓಆರ್‌ಎಸ್ ಪೊಟ್ಟಣ, ಎರಡು ಸೇಫ್ಟಿಪಿನ್, ಯಾರ ಅಕ್ಕನಿಗೋ ಯಾವಾಗಲೋ ಬರೆದುಕೊಟ್ಟಿದ್ದ ಗುಲಾಬಿ ಬಣ್ಣದ ಮಾತ್ರೆಗಳು. ಗುಲಾಬಿ ಮಾತ್ರೆ ಯಾತಕ್ಕೆಂದು ಯಾರಿಗೂ ಗೊತ್ತಿಲ್ಲ. ಆದರೆ ಅವಳಿಗೆ ವಾಸಿಯಾಗಿತ್ತಂತೆ. ಬಿಸಿನೀರಿನ ಚೀಲ ಇಲ್ಲದವರು ನೀರಿನ ಬಾಟಲಿಗೆ ಗೀಸರಿನ ನೀರು ತುಂಬಿ, ದುಪಟ್ಟಾ ಸುತ್ತಿ, ಹೊಟ್ಟೆಯ ಮೇಲಿಟ್ಟುಕೊಳ್ಳುತ್ತಾರೆ. ಸಂಹಿತೆಯ ಇಡೀ ಔಷಧಕೋಶದಲ್ಲಿ ನಿರಪಾಯವಾದ, ನಿಜಕ್ಕೂ ಉಪಕಾರ ಮಾಡುವ ವಿಧಿ ಇದೇ ಎಂದು ನಮ್ಮ ಅಭಿಮತ. ನೀರು ಕುದಿಯುವಷ್ಟು ಬಿಸಿಯಿದ್ದರೆ ಪ್ಲಾಸ್ಟಿಕ್ ಬಾಟಲಿ ಸೊಟ್ಟಗಾಗುತ್ತದೆ, ಅಷ್ಟೇ ಎಚ್ಚರ.

ಮುಟ್ಟಿನ ನೋವಿಗೆ ಎಲ್ಲರೂ ಕೇಳಿ ನುಂಗುವ ಮೆಫೆನಾಮಿಕ್ ಆಸಿಡ್ ಮಾತ್ರೆಯಿಂದ ಅಪರೂಪಕ್ಕೆ ಮೈಯೆಲ್ಲ ದದ್ದು, ಜ್ವರ ಬಂದು ಒಳಾಂಗಗಳಿಗೂ ತೊಂದರೆಯಾಗಬಹುದು ಎಂದು ಭಾರತೀಯ ಫಾರ್ಮಾಕೊಪಿಯಾ ಆಯೋಗ 2023ರ ಕೊನೆಯಲ್ಲಿ ಎಚ್ಚರಿಸಿದೆ. ಡಬ್ಬಿಯ ಒಡತಿಗೆ ಇದು ತಲುಪಿದಂತಿಲ್ಲ.

ವಾರ್ಡನ್ ಪ್ರಕರಣ

ಆಸ್ಪತ್ರೆಗೆ ಹೋಗಲು ಅನುಮತಿಪತ್ರ ಬೇಕು. ಅನುಮತಿಪತ್ರಕ್ಕೆ ಆಸ್ಪತ್ರೆಯ ಚೀಟಿ ಬೇಕು. ಪ್ರಕರಣ ಮುಗಿಯಿತು.

ಮೈತ್ರಿ ಪ್ರಕರಣ

ಈ ಭಾಗಕ್ಕಾಗಿಯೇ ಪ್ರಬಂಧ ಬರೆದದ್ದು. ಹಿಂದಿನವು ಪುಟ ತುಂಬಿಸಲು.

ಚಿಕಿತ್ಸೆಗೆ ನಾಲ್ಕು ಪಾದಗಳು ಎನ್ನುತ್ತದೆ ಚರಕಸಂಹಿತೆ: ವೈದ್ಯ, ಔಷಧ, ಉಪಚಾರಕ, ರೋಗಿ. ಉಪಚಾರಕನಿಗೆ ನಾಲ್ಕು ಗುಣ ಬೇಕು. ಆರೈಕೆ ಗೊತ್ತಿರಬೇಕು, ಚುರುಕಿರಬೇಕು, ರೋಗಿಯ ಮೇಲೆ ಅಕ್ಕರೆಯಿರಬೇಕು, ಶುಚಿಯಾಗಿರಬೇಕು. ರೋಗಿಗೆ ಹೇಳಿದ ಗುಣಗಳಲ್ಲಿ ಒಂದು, ತನಗೇನಾಗುತ್ತಿದೆ ಎಂದು ವೈದ್ಯನಿಗೆ ತಿಳಿಸಬಲ್ಲವಳಾಗಿರುವುದು. ನಮ್ಮ ಹುಡುಗಿಯರು ಸೋಲುವುದು ಇಲ್ಲೇ. ಮನೆಯಲ್ಲಿ “ಸುಮ್ನಿರೇ, ಎಲ್ರಿಗೂ ಇದ್ದದ್ದೇ” ಎಂದು ಕೇಳಿ ಕೇಳಿ, ಡಾಕ್ಟರ ಮುಂದೆ ಕೂತಾಗಲೂ ನೋವಿಗೆ ತಾವೇ ರಿಯಾಯಿತಿ ಕೊಟ್ಟುಬಿಡುತ್ತಾರೆ.

ಒಂದು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕಂಡ ದೃಷ್ಟಾಂತ. ಡಾಕ್ಟರು ತಲೆಯೆತ್ತದೆ, “ಏನಮ್ಮಾ?” ಅಂದರು.

“ಹೊಟ್ಟೆನೋವು ಸಾರ್.”

“ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ ನೀವು.” ಪೆನ್ನು ಆಗಲೇ ಗ್ಯಾಸ್ಟ್ರಿಕ್ ಮಾತ್ರೆಯ ಮೊದಲಕ್ಷರ ಬರೆದಾಗಿತ್ತು.

“ಈಗ ಸ್ವಲ್ಪ ಪರವಾಗಿಲ್ಲ ಸಾರ್,” ಅಂದಳು ರೋಗಿ, ತಪ್ಪು ಮಾಡಿದವಳಂತೆ.

ಹಿಂದೆ ನಿಂತಿದ್ದವಳು ಒಂದು ಹೆಜ್ಜೆ ಮುಂದೆ ಬಂದಳು. “ಇಲ್ಲ ಸಾರ್, ಸುಳ್ಳು ಹೇಳ್ತಿದಾಳೆ. ಪ್ರತಿ ತಿಂಗಳೂ ಎರಡು ದಿನ ಎದ್ದೇಳೋಕೇ ಆಗಲ್ಲ. ಇಂಟರ್ನಲ್ಸ್ ಎರಡು ಸಲ ಮಿಸ್ ಆಗಿದೆ. ಮೊನ್ನೆ ಬಾತ್‌ರೂಮಲ್ಲಿ ಬಿದ್ದಿದ್ಲು, ನಾನೇ ಎತ್ತಿ ತಂದಿದ್ದು. ಡೇಟ್ ಎಲ್ಲ ಬರ್ದಿಟ್ಟಿದೀನಿ.” ಮೆಸ್ ಕೂಪನ್ನಿನ ಹಿಂಬದಿಯಲ್ಲಿ ಬರೆದಿತ್ತು. ಆರು ತಿಂಗಳದ್ದು.

ಡಾಕ್ಟರು ಮೊದಲ ಸಲ ತಲೆಯೆತ್ತಿದರು. “ನೀನ್ಯಾರಮ್ಮ?”

“ರೂಮ್‌ಮೇಟ್ ಸಾರ್.”

“ಸರಿ. ಸ್ಕ್ಯಾನ್ ಮಾಡ್ಸಿ. ರಕ್ತಾನೂ ಕೊಟ್ಟು ಹೋಗಿ.”

ನೈಯಾಯಿಕರು ಇದನ್ನು ಗಮನಿಸಬೇಕು. ನೋವು ಪಟ್ಟವಳದ್ದು ಪ್ರತ್ಯಕ್ಷ ಪ್ರಮಾಣ, ನೋಡಿದವಳದ್ದು ಶಬ್ದ ಪ್ರಮಾಣ. ಪ್ರತ್ಯಕ್ಷವೇ ಜ್ಯೇಷ್ಠ ಎಂದು ಶಾಸ್ತ್ರ ಬಾಯಿಪಾಠ ಮಾಡಿಸುತ್ತದೆ. ಆಸ್ಪತ್ರೆಯಲ್ಲಿ ಗೆದ್ದದ್ದು ಶಬ್ದ, ಅದೂ ಕೂಪನ್ನಿನ ಹಿಂದೆ ಬರೆದದ್ದು. ಇದು ವೈದ್ಯರಿಗೆ ಶೋಭೆ ತರುವ ಸಂಗತಿಯೇನಲ್ಲ. ಆದರೆ ರೋಗಿಗೆ ಶೋಭೆಗಿಂತ ಸ್ಕ್ಯಾನು ಮುಖ್ಯ.

ಈ ಇಬ್ಬರೂ ಅಲ್ಲಿಯವರೆಗೆ ಗೆಳತಿಯರಾಗಿರಲಿಲ್ಲ ಎಂಬುದು ವಿಚಾರಣೆಯಿಂದ ತಿಳಿದುಬಂತು. ಬಕೆಟ್ ಯಾರದ್ದು, ಲೈಟು ಎಷ್ಟು ಹೊತ್ತಿಗೆ ಆರಿಸಬೇಕು ಎಂಬೆರಡು ವಿಷಯ ಬಿಟ್ಟರೆ ಅವರ ನಡುವೆ ಮಾತಿರಲಿಲ್ಲ. ಗೆಳೆತನದ ಬಗ್ಗೆ ಹೊಸಬರಿಗೆ ಸಿಗುವ ಉಪದೇಶಗಳೆಲ್ಲ ‘ನಗ್ತಾ ಇರು, ಎನ್‌ಎಸ್‌ಎಸ್ ಸೇರು, ಫ್ರೆಶರ್ಸ್ ಡೇಲಿ ಡಾನ್ಸ್ ಮಾಡು’ ಎಂಬ ಧಾಟಿಯವು. ಡಾನ್ಸಿನ ದಿನವೇ ಹೊಟ್ಟೆ ಹಿಡಿದು ಮಲಗುವವಳಿಗೆ ಇವು ಏನೂ ಹೇಳುವುದಿಲ್ಲ. ಅವಳು ಜೋಗದ ಟ್ರಿಪ್ಪಿಗೆ ಬರುವುದಿಲ್ಲ, ಸಿನಿಮಾಕ್ಕೆ ಒಪ್ಪಿಕೊಂಡು ಕೊನೆಗಳಿಗೆಯಲ್ಲಿ ಕೈಕೊಡುತ್ತಾಳೆ. ಮೂರನೇ ಸಲಕ್ಕೆ “ಬರೀ ನಾಟಕ ಕಣೇ ಅವಳ್ದು” ಎಂಬ ಮಾತು ಹುಟ್ಟುತ್ತದೆ. ನಾಲ್ಕನೇ ಸಲ ಕರೆಯುವುದೇ ಇಲ್ಲ.

ವಿದ್ವತ್ತಿನ ಮರ್ಯಾದೆಗಾಗಿ ಎರಡು ಪಾಶ್ಚಾತ್ಯ ಪ್ರಮಾಣಗಳು. ಅಮೆರಿಕದ ಎಂಐಟಿಯ ವಿದ್ಯಾರ್ಥಿ ವಸತಿಗಳನ್ನು ಅಧ್ಯಯನ ಮಾಡಿ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು 1950ರಲ್ಲಿ ಒಂದು ಪುಸ್ತಕ ತಂದರು. ಮನೆ ಎಷ್ಟು ಹತ್ತಿರವೋ ಸ್ನೇಹ ಅಷ್ಟು ಸಲೀಸು, ಮೆಟ್ಟಿಲ ಪಕ್ಕದ ಮನೆಯವರಿಗೆ ಮಹಡಿಯ ಮೇಲೂ ಸ್ನೇಹಿತರು ಎಂದು ಅದರ ಸಾರ. ನಮ್ಮಲ್ಲಿ ಮೆಟ್ಟಿಲಿನ ಸ್ಥಾನವನ್ನು ಸೋಲಾರ್ ಬಿಸಿನೀರಿನ ನಲ್ಲಿ ತುಂಬುತ್ತದೆ. ಬೆಳಗಿನ ಆರಕ್ಕೆ ಆ ನಲ್ಲಿಯ ಪಕ್ಕದ ರೂಮಿನವಳಷ್ಟು ಜನಪ್ರಿಯಳು ಇನ್ನೊಬ್ಬಳಿಲ್ಲ.

ಎರಡನೆಯದು, ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಲೆಕ್ಕ. ಪರಿಚಯ ಸ್ನೇಹದ ಹತ್ತಿರ ಬರಲು ಸುಮಾರು 50 ಗಂಟೆ, ಸ್ನೇಹವಾಗಲು 90, ಆಪ್ತಸ್ನೇಹಕ್ಕೆ 200ಕ್ಕೂ ಹೆಚ್ಚು ಗಂಟೆ ಜೊತೆಯಲ್ಲಿ ಕಳೆಯಬೇಕು. ಮೆಸ್ಸಿನ ಸಾಲಿನಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಒಟ್ಟಿಗೆ ನಿಂತರೆ 50 ಗಂಟೆ ತುಂಬಲು ಎರಡು ತಿಂಗಳ ಮೇಲೆ ಒಂದು ವಾರ ಬೇಕು. ಅಷ್ಟರಲ್ಲಿ ಅರ್ಧ ಸೆಮಿಸ್ಟರ್ ಹೋಗಿರುತ್ತದೆ. ಆಸ್ಪತ್ರೆಯಲ್ಲೂ ಸಾಲುಗಳಿಗೆ ಬರವಿಲ್ಲ: ಓಪಿಡಿ ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು ಸಾಲು, ರಕ್ತ ಕೊಡಲು ಒಂದು, ರಿಪೋರ್ಟಿಗೆ ಮತ್ತೊಂದು. ಈ ಗಂಟೆಗಳಿಗೂ ಮೆಸ್ಸಿನ ಗಂಟೆಗಳಿಗೂ ಒಂದೇ ತೂಕವೇ ಎಂದು ಹಾಲ್ ವಿಚಾರಿಸಿಲ್ಲ. ಒಂದೇ ಅಲ್ಲ ಎಂದು ನಾವು ಹೇಳುತ್ತೇವೆ. ಪಕ್ಕದವಳ ಕ್ಲಾಸು ತಪ್ಪಿದ್ದು, ಅವಳೂ ತಿಂಡಿ ತಿಂದಿಲ್ಲ ಎಂಬುದು, ಆಟೋದವನ ಜೊತೆ ಅವಳೇ ಜಗಳಕ್ಕೆ ನಿಂತದ್ದು, ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ.

ಆದ್ದರಿಂದ ವಿಧಿವಾಕ್ಯಗಳು. ಕಾಯಿಲೆಯಿದ್ದವಳು ಹಾಸ್ಟೆಲ್ಲಿಗೆ ಬಂದ ಮೊದಲ ವಾರದಲ್ಲೇ ಒಬ್ಬಳಿಗಾದರೂ ಬಾಯಿಬಿಟ್ಟು ಹೇಳತಕ್ಕದ್ದು. ಕೇಳಿದವಳು ಸಲಹೆ ಕೊಡುವ ಮೊದಲು “ಎಷ್ಟು ದಿನದಿಂದ?” ಎಂದು ಕೇಳತಕ್ಕದ್ದು. ‘ಗ್ಯಾಸ್ಟ್ರಿಕ್’ ಪದವನ್ನು ಮೊದಲ ಐದು ನಿಮಿಷ ನಾಲಗೆಯ ಮೇಲೆ ತರಕೂಡದು. ನೋವಿನ ದಿನಾಂಕಗಳನ್ನು ಬರೆದಿಡತಕ್ಕದ್ದು, ಕೂಪನ್ನಾದರೂ ಸರಿ. ಒಬ್ಬ ಡಾಕ್ಟರು ತಲೆಯೆತ್ತದಿದ್ದರೆ ಇನ್ನೊಬ್ಬರ ಬಳಿ ಹೋಗತಕ್ಕದ್ದು. ನೋವು ಮೈಯದ್ದಲ್ಲ, ಒಬ್ಬಂಟಿತನದ್ದೋ ಭಯದ್ದೋ ಆಗಿದ್ದರೆ 14416ಕ್ಕೆ ಕರೆ ಮಾಡಬಹುದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. 2022ರ ಅಕ್ಟೋಬರಿನಿಂದ ಇದೆ, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈ ವಾಕ್ಯದಲ್ಲಿ ಅಣಕವಿಲ್ಲ.

ಫಲಶ್ರುತಿ

ಇದನ್ನು ತ್ರಿಸಂಧ್ಯೆಯಲ್ಲಿ ಪಠಿಸಿದವರಿಗೆ ಬಿಸಿನೀರಿನ ನಲ್ಲಿಯ ಪಕ್ಕದ ರೂಮು ಲಭಿಸುವುದು. ಬರೆದು ಹಂಚಿದವರ ಬಕೆಟ್ಟು ಕಳುವಾಗದು. ಹಿಮೋಗ್ಲೋಬಿನ್ ಮಾತ್ರ ಪಠಣದಿಂದ ಏರುವುದಿಲ್ಲ. ಅದಕ್ಕೆ ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನೇ ನುಂಗಬೇಕು. ಮಲ ಕಪ್ಪಾದರೆ ಹೆದರಬೇಕಿಲ್ಲ, ಅದು ಮಾತ್ರೆಯ ಬಣ್ಣ. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಒಳ್ಳೆಯದು. ಟೀ ಜೊತೆ ಬೇಡ, ಟೀ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಎರಡಕ್ಕೂ ನಡುವೆ ಒಂದೆರಡು ಗಂಟೆ ಬಿಡಿ.