ಈಶಾನ್ಯಕ್ಕೆ ಎತ್ತೋ, ಸೋಮ!

ಅರಸೀಕೆರೆಯ ಕೊಬ್ಬರಿ ಮಂಡಿಯಿಂದ ಬಂದ ಬಸಣ್ಣ ಮೀನಿನ ತೊಟ್ಟಿಯ ಒಂದು ತುದಿ ಹಿಡಿದು ನಿಂತಿದ್ದ. ಬೇಲೂರಿನ ಬಸ್ಸಿಳಿದು ಬಂದ ಸೋಮನಿಗೆ ಕಾಫಿಗೂ ಮೊದಲು ಸಿಕ್ಕಿದ್ದು ಇನ್ನೊಂದು ತುದಿ.

"ಎತ್ತೋ, ಈಶಾನ್ಯಕ್ಕೆ!"

"ಹೋದ ಸಲ ಈಶಾನ್ಯದಿಂದಲೇ ಅಲ್ವಾ ಬಾವ ಉತ್ತರಕ್ಕೆ ತಂದಿದ್ದು?"

"ಉತ್ತರದಲ್ಲೂ ಗಿಡ ಕೊಳೀತಲ್ಲೋ."

"ಆಗ್ನೇಯಕ್ಕಿಡೋಣ."

"ಅದು ಬೆಂಕಿ ಮೂಲೆ. ಮೀನು ಬೆಂದುಹೋಗ್ತವೆ."

"ನೈಋತ್ಯ?"

"ದುಡ್ಡು ನಿಲ್ಲಲ್ಲ."

"ವಾಯವ್ಯ?"

"ಅಲ್ಲಿ ಫ್ರಿಜ್ ಇದೆ."

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ. ತುಂಬಿಸಿದರೆ ಸುಮಾರು 56 ಲೀಟರ್ ನೀರು ಹಿಡಿಯುತ್ತೆ. ಅರ್ಧ ಚೆಲ್ಲಿದ್ದರೂ 28 ಕೆಜಿ ನೀರು, ಮೇಲೆ ಗಾಜು, ಜಲ್ಲಿ. ದಿಕ್ಕುಗಳು ಎಂಟೇ ಇರುವುದು ಸೋಮನ ಸೊಂಟದ ಪುಣ್ಯ.

"ವಾಟ್ಸಾಪಲ್ಲಿ ಬಂದಿದೆ ಕಣೋ. ಒಂಬತ್ತು ಗೋಲ್ಡ್ ಫಿಶ್ ಇರಬೇಕಂತೆ. ಎಂಟು ಹೊಂಬಣ್ಣದ್ದು, ಒಂದು ಕಪ್ಪು. ಕಪ್ಪುಮೀನು ದೃಷ್ಟಿಯನ್ನೆಲ್ಲ ನುಂಗುತ್ತೆ."

"ಅದು ಚೀನಾದ ಫೆಂಗ್ ಶುಯಿ ಲೆಕ್ಕ ಬಾವ, ನಮ್ಮ ವಾಸ್ತುವಿನೊಳಗೆ ಯಾವಾಗ ಈಜಿ ಬಂತೋ! ದೃಷ್ಟಿ ನುಂಗುತ್ತೋ ಇಲ್ವೋ, ಗೋಲ್ಡ್ ಫಿಶ್ ಗಿಡವನ್ನಂತೂ ನುಂಗುತ್ತೆ. ಉಳಿದದ್ದನ್ನ ಬುಡಸಮೇತ ಕೀಳುತ್ತೆ. ಈ ತೊಟ್ಟಿಗೆ ಒಂಬತ್ತು ಹಾಕಿದ್ರೆ ಅವು ಬಿಡೋ ಹೊಲಸಿಂದಲೇ ನೀರಲ್ಲಿ ಅಮೋನಿಯಾ ಏರಿ ಸಾಯ್ತವೆ."

"ಹೊಯ್ಸಳರು ವಾಸ್ತು ನೋಡದೆ ಹಳೇಬೀಡು ಕಟ್ಟಿದ್ರಾ?"

"1311ರಲ್ಲಿ ಮಲಿಕ್ ಕಾಫೂರ್ ಅದೇ ಊರಿಗೆ ಮುತ್ತಿಗೆ ಹಾಕಿದಾಗ ವಾಸ್ತು ಏನು ರಜಾ ಮೇಲಿತ್ತಾ?"

ಬಸಣ್ಣ ತೊಟ್ಟಿಯನ್ನು ಇದ್ದಲ್ಲೇ ಇಳಿಸಿದ. ಇದಕ್ಕೆ ವಾಟ್ಸಾಪಿನಲ್ಲಿ ಉತ್ತರ ಬಂದಿರಲಿಲ್ಲ.

ಇನ್ನು ಗಿಡದ ಮಾತು. ಅದು ಕ್ರಿಪ್ಟೊಕೊರಿನ್, ಬೆಂಗಳೂರಿನ ಅಂಗಡಿಯಿಂದ ತಂದದ್ದು. ಇಂಥ ಗಿಡಗಳನ್ನು ನರ್ಸರಿಯವರು ಹೆಚ್ಚಾಗಿ ಬೇರು ನೀರಲ್ಲಿ, ಎಲೆ ತೇವದ ಗಾಳಿಯಲ್ಲಿ ಇರುವಂತೆ ಬೆಳೆಸುತ್ತಾರೆ. ಬೇಗ ಬೆಳೆಯುತ್ತೆ, ಪಾಚಿ ಹಿಡಿಯಲ್ಲ. ಗಾಳಿಗೆಂದು ಹುಟ್ಟಿದ ಎಲೆ ನೀರೊಳಗೆ ಮುಳುಗಿದ ಮೇಲೆ ಲೋಳೆಯಾಗಿ ಕರಗುತ್ತದೆ. ಬೇರು ಬದುಕಿರುತ್ತದೆ, ನೀರಿಗೇ ಒಗ್ಗುವ ತೆಳು ಎಲೆಯನ್ನು ಆಮೇಲೆ ಬಿಡುತ್ತದೆ. ತಿಂಗಳೋ ಒಂದೂವರೆ ತಿಂಗಳೋ ಹಿಡಿಯಬಹುದು. ಇದೇ ಕುಲದ ಗಿಡಗಳು ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇವೆ. ಮಳೆಗಾಲದಲ್ಲಿ ಮುಳುಗಿದ್ದು, ನೀರಿಳಿದ ಮೇಲೆ ಹೂಬಿಡುತ್ತವೆ. ಅವು ಯಾರ ಹತ್ತಿರವೂ ದಿಕ್ಕು ಕೇಳಿದ್ದಿಲ್ಲ.

"ನೀವು ಪ್ರತಿ ಸಲ ಏನ್ ಮಾಡ್ತೀರ ಬಾವ? ಗಿಡ ಕಿತ್ತು, ತೊಟ್ಟಿ ತೊಳೆದು, ಹೊಸ ಬೋರ್ ನೀರು ತುಂಬ್ತೀರ. ಬಿಂದಿಗೆಗೆ ಬಿಳೀ ಪೊರೆ ಕಟ್ಟೋ ನೀರು! ಅದು ಒಗ್ಗೋ ಹೊತ್ತಿಗೆ ನೀವು ಮತ್ತೆ ಈಶಾನ್ಯ. ಕೊಳೆತ ಎಲೆ ಕತ್ತರಿಸಿ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿ, ಬೇರು ಮುಟ್ಟಬೇಡಿ."

"ತೆಂಗಿನ ಸಸಿ ನೆಟ್ಟು ಐದಾರು ವರ್ಷ ಕಾದೆ, ತಿಂಗಳು ಕಾಯಲ್ವಾ?" ಎಂದ ಬಸಣ್ಣ.

ಸೋಮ ನೆಮ್ಮದಿಯಾಗಿ ಕಾಫಿಗೆ ಕೂತ. ಅಡುಗೆಮನೆಯಿಂದ ಅಕ್ಕ ಕೂಗಿದಳು: "ಸೋಮಾ, ನಿಮ್ಮ ಬಾವ ನಿಂಬೆಹಣ್ಣು ತಗೊಂಡು ಹೋದ್ರು ನೋಡೋ!"

"ದೃಷ್ಟಿಗೆ ಬಾಗಿಲಿಗೆ ಕಟ್ಟೋಕಿರಬೇಕು ಬಿಡಕ್ಕ."

"ಕಟ್ಟೋಕಲ್ಲ ಕಣೋ. ಹುಳಿ ಬಿಟ್ರೆ ಬೋರ್ ನೀರಿನ ಗಡಸು ಹೋಗುತ್ತಂತೆ, ತೊಟ್ಟಿಗೇ ಹಿಂಡ್ತಾ ಇದ್ದಾರೆ!"